ವಸಡಿನ ಪಾಕೆಟ್‌ನಲ್ಲಿ ಫೈಬರ್ ನಿಲ್ಲುವಂತೆ ಮಾಡಿದ್ದು ಹೀಗೆ: ನನ್ನ ಅನುಭವ

ವಸಡಿನ ರೋಗಕ್ಕೆ ಟೆಟ್ರಾಸೈಕ್ಲಿನ್ ಫೈಬರ್ (ಈ ಆ್ಯಂಟಿಬಯೋಟಿಕ್ ತುಂಬಿದ ಕೊಲಾಜನ್ ನಾರು) ಇಡೋದು ದುಡ್ಡು ದಂಡ, ಫ್ಲ್ಯಾಪ್ ಎತ್ತೋದೇ (ವಸಡು ಬಿಡಿಸಿ ಬೇರು ಶುಚಿಮಾಡುವ ಶಸ್ತ್ರಚಿಕಿತ್ಸೆಯೇ) ವಾಸಿ ಅಂತ ಹುಬ್ಬಳ್ಳಿಯ ದಂತವೈದ್ಯ ಗೆಳೆಯರು ಹೇಳುತ್ತಲೇ ಬಂದರು. ರೂಟ್ ಪ್ಲೇನಿಂಗ್ (ಹಲ್ಲಿನ ಬೇರು ಕೆರೆದು ನಯ ಮಾಡೋದು) ಆಗಿ ಆರು ವಾರ ಕಳೆದರೂ 6 ಮಿ.ಮೀ. ಆಳಕ್ಕೇ ನಿಂತು ರಕ್ತ ಒಸರುವ ಪಾಕೆಟ್‌ಗಳು (ಹಲ್ಲು-ವಸಡಿನ ನಡುವೆ ಆಳವಾದ ಸಂದಿಗಳು) ಗದಗದ ನನ್ನ ಕ್ಲಿನಿಕ್ಕಿನಲ್ಲಿ ಈಗ ಮೂರು ತಿಂಗಳಿಗೆ 4ರ ಆಸುಪಾಸಿಗೆ ಬರುತ್ತಿವೆ. ಎಲ್ಲವೂ ಅಲ್ಲ, ಹತ್ತರಲ್ಲಿ ಆರೇಳು. ಅದೇ ಗೆಳೆಯರು ಈಗ ವಿಧಾನ ಕೇಳುತ್ತಿದ್ದಾರೆ.

ಪ್ಲೇನಿಂಗ್ ಮಾಡಿದ ದಿನವೇ ಫೈಬರ್ ಇಟ್ಟರೆ ರಕ್ತ ಅದನ್ನು ಮೇಲಕ್ಕೆ ತೇಲಿಸಿಬಿಡುತ್ತದೆ. ಅದಕ್ಕೇ ಆರು ವಾರದ ನಂತರ ಬಂದ ದಿನ ಬೇರು ಮತ್ತೊಮ್ಮೆ ಕೆರೆದು ಕಳಿಸಿ, ಎರಡು-ಮೂರು ದಿನ ಬಿಟ್ಟು ಕರೆಸುತ್ತೇನೆ. ರೋಣ, ಮುಂಡರಗಿ ಕಡೆಯವರಿಗೆ ಇನ್ನೊಂದು ಬಸ್ ಚಾರ್ಜು, ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ ಅವರು ಸಂತೆಗೆ ಬರುವ ದಿನವೇ ಹೊಂದಿಸುತ್ತೇನೆ.

ಸಲೈನ್‌ನಿಂದ ತೊಳೆದು, ಪೇಪರ್ ಪಾಯಿಂಟ್‌ನಿಂದ (ತೇವ ಹೀರುವ ಕಾಗದದ ಕಡ್ಡಿ) ಪಾಕೆಟ್ ಒಣಗಿಸಿದ ಮೇಲೆಯೇ ಫೈಬರ್‌ನ ವೈಯಲ್ (ಪುಟ್ಟ ಸೀಸೆ) ಒಡೆಯಬೇಕು. 25 ಮಿ.ಗ್ರಾಂ ಕೊಲಾಜನ್‌ನಲ್ಲಿ ಔಷಧ ಇರೋದು ಸುಮಾರು 2 ಮಿ.ಗ್ರಾಂ. ಚಿಮಟದ ತುದಿ ಒದ್ದೆಯಿದ್ದರೆ ಫೈಬರ್ ಅಂಟಾಗಿ ಅದಕ್ಕೇ ಹತ್ತಿಕೊಂಡು ವಾಪಸ್ ಬರುತ್ತದೆ. ಮೂರು-ನಾಲ್ಕು ಚೂರು ಮಾಡಿ, ಮೊದಲ ಚೂರನ್ನು ತೆಳುವಾದ ಪ್ಲಗ್ಗರ್‌ನಿಂದ ತಳಕ್ಕೆ ಒತ್ತಿ ಅರ್ಧ ನಿಮಿಷ ಬಿಡಿ. ಅದು ಉಬ್ಬಿ ಕೂತ ಮೇಲೆ ಮುಂದಿನದು. ವಸಡಿನ ಅಂಚಿನಿಂದ 1 ಮಿ.ಮೀ. ಕೆಳಗೇ ನಿಲ್ಲಿಸಿ.

ಮೇಲೆ ಮುಚ್ಚದಿದ್ದರೆ ಇಷ್ಟೆಲ್ಲ ವ್ಯರ್ಥ. ಕೋ-ಪ್ಯಾಕ್ (ವಸಡಿನ ಮೇಲೆ ಹಚ್ಚಿದರೆ ಗಟ್ಟಿಯಾಗುವ ಮುಚ್ಚಿಗೆ) ಕೆನ್ನೆ ಕಡೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಖಡಕ್ ರೊಟ್ಟಿಯ ಒಂದು ಚೂಪು ತುಂಡು ಸಾಕು, ಎದ್ದು ಬರುತ್ತದೆ. ಹತ್ತು ದಿನ ಬಿಸಿ ರೊಟ್ಟಿ, ಇಲ್ಲವೇ ಸಾರಿನಲ್ಲಿ ನೆನೆಸಿದ್ದು ಮಾತ್ರ. ಕೆಳದವಡೆಯ ನಾಲಿಗೆ ಕಡೆ ಪ್ಯಾಕ್ ನಿಲ್ಲೋದೇ ಇಲ್ಲ. ಅಲ್ಲಿ ವೈದ್ಯಕೀಯ ದರ್ಜೆಯ ಸೈಯನೊಅಕ್ರಿಲೇಟ್ ಅಂಟು ಒಂದು ಹನಿ. ಆ ಅಂಚನ್ನು ಒಣಗಿಸಿ ಹಿಡಿಯುವ ನನ್ನದೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಅಗ್ಗವಾಗಲೆಂದು ಮೆಟ್ರೊನಿಡಜೋಲ್ ಮಾತ್ರೆ ಅರೆದು ಗ್ಲಿಸರಿನ್‌ನಲ್ಲಿ ಕಲಸಿಯೂ ನೋಡಿದ್ದಾಯಿತು, ಮರುದಿನಕ್ಕೆ ಗುರುತೂ ಇಲ್ಲ. 5 ಮಿ.ಮೀ. ಪಾಕೆಟ್‌ನ ದ್ರವ ಗಂಟೆಗೆ ಸುಮಾರು 40 ಸಲ ಬದಲಾಗುತ್ತದೆ, ಪೇಸ್ಟ್ ಹೇಗೆ ನಿಂತೀತು? 2.5 ಮಿ.ಗ್ರಾಂನ ಕ್ಲೋರ್‌ಹೆಕ್ಸಿಡಿನ್ ಚಿಪ್ (ಸೋಂಕುನಾಶಕ ತುಂಬಿದ ಪುಟ್ಟ ಬಿಲ್ಲೆ) ವಾರದ ಮೇಲೂ ಕೆಲಸ ಮಾಡುತ್ತದೆ, ಇಡೋದೂ ಸಲೀಸು. ಆದರೆ ಬಿರುಸು, ಅಂಗುಳಿನ ಕಡೆಯ ಅಗಲ ಪಾಕೆಟ್‌ಗೆ ಸರಿ, ಕಿರಿದಾದ ಸೊಟ್ಟ ಪಾಕೆಟ್‌ಗೆ ಫೈಬರೇ ಬೇಕು.

ಕಿರಿದು ಅಂತ ಎಲ್ಲದಕ್ಕೂ ಫೈಬರ್ ಅಲ್ಲ: ಹಲ್ಲಿನ ಸುತ್ತ ಉಳಿದೆಡೆ ಸರಿಯಿದ್ದು ಒಂದೇ ಕಡೆ ಕಿರಿದಾಗಿ ಆಳಕ್ಕೆ ಇಳಿದ ಪಾಕೆಟ್ ಕಂಡರೆ ಫೈಬರ್ ಮುಟ್ಟಬೇಡಿ. ಬೇರು ಸೀಳಿರಬಹುದು, ಪಲ್ಪ್ (ಹಲ್ಲಿನೊಳಗಿನ ನರ-ರಕ್ತನಾಳದ ತಿರುಳು) ಸತ್ತಿರಬಹುದು; ಮೊದಲು ಕೋಲ್ಡ್ ಟೆಸ್ಟ್ (ತಣ್ಣಗಿನದು ತಾಗಿಸಿ ಹಲ್ಲಿಗೆ ಜೀವವಿದೆಯೇ ನೋಡೋದು), ಎಕ್ಸ್-ರೇ. ಮೇಲಿನ ದವಡೆ ಹಲ್ಲಿನ ಫರ್ಕೇಶನ್‌ನಲ್ಲಿ (ಬೇರುಗಳು ಕವಲೊಡೆಯುವ ಜಾಗ) ನನಗೆ ಫಲ ಸಿಕ್ಕಿಲ್ಲ. ಮಿಶ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕುವವರಲ್ಲಿ ಬೆರಳೇ ಪ್ಯಾಕನ್ನು ಕಿತ್ತು ಹಾಕುತ್ತದೆ. ಬಿಡುತ್ತೇನೆ ಎಂದ ಮೇಲೆಯೇ ಶುರು.

ಜಾಗವೊಂದಕ್ಕೆ ನಾನು ತಗೊಳ್ಳೋದು ಐನೂರರ ಸುಮಾರು. ಎಂಟು-ಹತ್ತು ಜಾಗ ದಾಟಿದರೆ ಫ್ಲ್ಯಾಪೇ ಅಗ್ಗ, ಅಂಥವರನ್ನು ಧಾರವಾಡಕ್ಕೆ ಕಳಿಸುತ್ತೇನೆ. ಟೆಟ್ರಾಸೈಕ್ಲಿನ್ ಅಲರ್ಜಿ ಇದ್ದವರಿಗೆ, ಗರ್ಭಿಣಿಯರಿಗೆ ಇದನ್ನು ಇಡೋದಿಲ್ಲ. ಹತ್ತನೇ ದಿನ ಪ್ಯಾಕ್ ತೆಗೆಯಿರಿ, ಮೂರು ತಿಂಗಳವರೆಗೆ ಪ್ರೋಬ್ (ಪಾಕೆಟ್‌ನ ಆಳ ಅಳೆಯುವ ಕಡ್ಡಿ) ಹಾಕಬೇಡಿ.