ಗುರುತಿಲ್ಲದ ಇಬ್ಬರು, ಮೂರನೆಯವನು ನಾನು

ಎಲ್ಡನ್ ರಿಂಗ್ ನೈಟ್‌ರೈನ್ ಅನ್ನುವ, ಮೂವರು ಸೇರಿ ಆಡುವ ವಿಡಿಯೋ ಗೇಮಿನ ಮೂಲ ಆಟದಲ್ಲಿರುವ ಎಂಟೂ ನೈಟ್‌ಲಾರ್ಡ್‌ಗಳನ್ನು, ಅಂದರೆ ಕೊನೆಗೆ ಎದುರಾಗುವ ದೊಡ್ಡ ಬಾಸ್‌ಗಳನ್ನು, ರ‍್ಯಾಂಡಮ್ ಆಟಗಾರರ ಜೊತೆಯೇ ಹೊಡೆದು ಮುಗಿಸಿದ್ದೇನೆ. ಪಾರ್ಟಿ ಇಲ್ಲ, ಮೈಕ್ ಇಲ್ಲ, ಹೆಸರು ಗೊತ್ತಿರುವ ಒಬ್ಬನೂ ಇಲ್ಲ. ಇದನ್ನು ಬರೆಯುತ್ತಿರುವುದೇ "ಆಗಲ್ಲ ಬಿಡಲೇ" ಅಂದವರಿಗಾಗಿ. ಅವರಲ್ಲಿ ಮೂವರು ನಮ್ಮ ವಿದ್ಯಾನಗರದ ಹುಡುಗರೇ. ಮೂವರ ಹತ್ತಿರವೂ ಪಿಎಸ್5 ಇದೆ. ಮೂವರೂ ಒಟ್ಟಿಗೇ ಆಡುತ್ತಾರೆ.

ನನ್ನದು ಪಿಸಿ. ಈ ಆಟದಲ್ಲಿ ಪಿಸಿಯವರೂ ಪ್ಲೇಸ್ಟೇಷನ್‌ನವರೂ ಕೂಡಿ ಆಡೋಕಾಗಲ್ಲ ಅಂತ ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ನನ್ನದು ಫ್ಲೆಕ್ಸ್ ಡಿಸೈನ್ ಅಂಗಡಿ. ಹಗಲೆಲ್ಲ ಹುಟ್ಟುಹಬ್ಬದ ಬ್ಯಾನರ್, ಗೃಹಪ್ರವೇಶದ ಬ್ಯಾನರ್. ರಾತ್ರಿ ಹತ್ತೂವರೆ ಮೇಲೆ ಅದೇ ಕಂಪ್ಯೂಟರಿನಲ್ಲಿ ಆಟ. ಗ್ರಾಫಿಕ್ಸ್ ಕಾರ್ಡ್ ತಂದಿದ್ದು ಅಂಗಡಿ ಕೆಲಸಕ್ಕೆ ಅಂತ ಮನೆಯಲ್ಲಿ ಹೇಳಿದ್ದೇನೆ. ಅದು ಅರ್ಧ ನಿಜ.

2025ರ ಮೇ 30ಕ್ಕೆ ಆಟ ಬಂತು, ನಾನು ಕೊಂಡಿದ್ದು ಜೂನ್ ಮೊದಲ ವಾರ. ಎರಡು ಸಾವಿರದ ಮೇಲೆ ಬಿತ್ತು. ಅದಕ್ಕಿಂತ ದೊಡ್ಡ ನಷ್ಟ ಹೆಡ್‌ಸೆಟ್‌ದು. ಗೊತ್ತಿಲ್ಲದವರ ಜೊತೆ ಆಡುವುದು ಅಂದಮೇಲೆ ಮಾತಾಡಬೇಕಲ್ಲ ಅಂತ ಮೈಕ್ ಇರುವ ಒಳ್ಳೆ ಹೆಡ್‌ಸೆಟ್ ತರಿಸಿದೆ. 3,400 ರೂಪಾಯಿ ಆಯಿತು ಅಂತ ನೆನಪು. ಬಂದ ದಿನವೇ ಡಬ್ಬ ಒಡೆದು, ಕಿವಿಗೆ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಚಾಟ್ ಎಲ್ಲಿದೆ ಅಂತ ಅರ್ಧ ಗಂಟೆ ಹುಡುಕಿದೆ. ಇಲ್ಲ. ಈ ಆಟದಲ್ಲಿ ವಾಯ್ಸ್ ಚಾಟೇ ಇಲ್ಲ. ಟೈಪ್ ಮಾಡುವುದಕ್ಕೂ ಜಾಗ ಇಲ್ಲ. ಮ್ಯಾಪಿನ ಮೇಲೆ ಗುರುತು ಹಾಕಬಹುದು, ನೆಲದ ಮೇಲಿನ ವಸ್ತು ತೋರಿಸಿ ಪಿಂಗ್ (ಸನ್ನೆ) ಮಾಡಬಹುದು, ಕೈಕಾಲು ಆಡಿಸಬಹುದು. ಅಷ್ಟೇ.

ಅಂಗಡಿಯ ಹಳೇ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಪ್ರತಿ ಆಟದ ಲೆಕ್ಕ ಬರೆದಿಡುತ್ತಿದ್ದೆ. ಮೊದಲ 40 ಆಟಗಳಲ್ಲಿ ಗೆದ್ದಿದ್ದು 5. ಅದರಲ್ಲೂ ಮೂರು, ಜೊತೆಗಿದ್ದವರು ಎತ್ತಿಕೊಂಡು ಹೋಗಿ ಗೆಲ್ಲಿಸಿದ್ದು. ಒಂದು ಆಟ ಅಂದರೆ ಆಟದೊಳಗಿನ ಮೂರು ದಿನ: ಎರಡು ದಿನ ಸುತ್ತಾಡಿ ಬಲ ಕೂಡಿಸುವುದು, ಮೂರನೇ ದಿನ ನೈಟ್‌ಲಾರ್ಡ್. ಎಲ್ಲಾ ಸೇರಿ ಮುಕ್ಕಾಲು ಗಂಟೆ ಹತ್ತಿರ. ಬಾಸ್ ತನಕ ಹೋಗಿ ಸತ್ತರೆ ಆ ಮುಕ್ಕಾಲು ಗಂಟೆಯೂ ನೀರಿಗೆ ಹಾಕಿದ ಹಾಗೆ. ಮುಂದಿನ ಆಟಕ್ಕೆ ಬಲ ಕೊಡುವ ಒಂದೆರಡು ರೆಲಿಕ್ ಸಿಗುತ್ತವೆ ನಿಜ, ಆದರೆ ರಾತ್ರಿ ಒಂದೂವರೆಗೆ ರೆಲಿಕ್ ನೋಡಿ ಯಾರಿಗೆ ಸಮಾಧಾನ ಆಗುತ್ತದೆ?

ಆ ನಲವತ್ತರಲ್ಲಿ ನಾನು ಮಾಡುತ್ತಿದ್ದ ತಪ್ಪು ಎಲ್ಲರೂ ಮಾಡುವಂಥದ್ದೇ. ನಾಲ್ಕು ವಿಡಿಯೋ ನೋಡಿಕೊಂಡು, ಯಾವ ಕೋಟೆ ಮೊದಲು, ಯಾವ ಚರ್ಚ್ ಆಮೇಲೆ ಅಂತ ಪ್ಲ್ಯಾನ್ ಮಾಡಿಕೊಂಡು ಇಳಿಯುತ್ತಿದ್ದೆ. ನಾನು ಹಾಕಿದ ಗುರುತಿಗೆ ಅವರಿಬ್ಬರು ಬರದಿದ್ದರೆ ಸಿಟ್ಟು. ಮತ್ತೆ ಮತ್ತೆ ಅದೇ ಜಾಗಕ್ಕೆ ಗುರುತು. ಆಮೇಲೆ ಒಬ್ಬನೇ ಹೋಗಿ ಸಾಯುವುದು, ಒಂದು ಲೆವೆಲ್ ಕಳೆದುಕೊಳ್ಳುವುದು. ಬಾಸ್ ಎದುರು ನಿಂತಾಗ ಒಬ್ಬ 13ನೇ ಲೆವೆಲ್, ಇನ್ನೊಬ್ಬ 12, ನಾನು 9.

ಗ್ಲೇಡಿಯಸ್ ಮೊದಲ ಬಾಸ್, ಮೂರು ತಲೆಯ ನಾಯಿ. ಅದು ಒಡೆದು ಮೂರು ನಾಯಿ ಆಗುತ್ತದಲ್ಲ, ಆಗ ನಾವು ಮೂರು ಜನ ಮೂರು ದಿಕ್ಕಿಗೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಸೈಕಲ್ ಹುಡುಗರು ಚದುರುತ್ತಾರಲ್ಲ, ಹಾಗೆ. ಒಬ್ಬ ಬಿದ್ದರೆ ಉಳಿದವರಿಗೆ ಅವನು ಎಲ್ಲಿ ಬಿದ್ದ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಆ ಒಂದು ಬಾಸ್‌ಗೇ 11 ಸಲ ಸೋತೆ. ಗೆಳೆಯರಿಗೆ ಹೇಳಿದರೆ ಒಬ್ಬ ನಕ್ಕ. "ಏನ್ಲೇ, ಊರು ಕೇರಿ ಗೊತ್ತಿಲ್ದೋರನ್ನ ಕಟ್ಕೊಂಡು ಏನ್ ಗೆಲ್ತೀಯಾ? ಸುಮ್ನೆ ಪಿಎಸ್5 ತಗಾ." ಐವತ್ತು ಸಾವಿರದ ಸಲಹೆ. ಅದರ ಮೇಲೆ ಆನ್‌ಲೈನ್ ಆಡೋಕೆ ಪಿಎಸ್ ಪ್ಲಸ್ ಚಂದಾ ಬೇರೆ.

ಬುದ್ಧಿ ಬಂದಿದ್ದು ಒಂದು ಭಾನುವಾರ ಬೆಳಗ್ಗೆ, ಹೈಸ್ಕೂಲ್ ಮೈದಾನದಲ್ಲಿ. ಟೆನಿಸ್ ಬಾಲ್ ಕ್ರಿಕೆಟ್‌ಗೆ ಯಾವುದೋ ಟೀಮಿಗೆ ಒಬ್ಬ ಕಮ್ಮಿ ಇದ್ದ. "ಅಣ್ಣಾ, ಬರ್ತೀರಾ?" ಅಂದರು, ಹೋದೆ. ಅಲ್ಲಿ ನನ್ನ ಹೆಸರು ಯಾರೂ ಕೇಳಲಿಲ್ಲ. ಲಾಂಗ್ ಆನ್‌ನಲ್ಲಿ ನಿಲ್ಲಿ ಅಂದರು, ನಿಂತೆ. ಅದು ತಪ್ಪು ಜಾಗ ಅಂತ ನನಗೆ ಗೊತ್ತಿತ್ತು, ಎಲ್ಲಾ ಹೊಡೆತ ಮಿಡ್ ವಿಕೆಟ್ ಕಡೆಗೇ ಹೋಗುತ್ತಿತ್ತು. ಆದರೂ ಬಾಯಿ ಬಿಡದೆ ನಿಂತೆ, ಎರಡು ಬಾಲ್ ತಡೆದೆ. ಮೂರನೇ ಓವರಿಗೆ ಅವರೇ, "ಅಣ್ಣಾ, ನಿಮಗೆಲ್ಲಿ ಬೇಕೋ ಅಲ್ಲಿ ನಿಲ್ರಿ" ಅಂದರು. ಆಮೇಲೆ ಬೆಣ್ಣೆ ದೋಸೆ ತಿನ್ನುತ್ತಾ ಕೂತಾಗ ಹೊಳೆಯಿತು. ಮೈದಾನದಲ್ಲಿ ಬಾಯಿ ಮುಚ್ಚಿಕೊಂಡು ನಿಂತವನು, ರಾತ್ರಿ ಮ್ಯಾಪಿನ ಮುಂದೆ ಯಾಕೆ ಕ್ಯಾಪ್ಟನ್ ಆಗುತ್ತೇನೆ?

ಅವತ್ತಿನಿಂದ ಮೊದಲ ದಿನ ನಾನು ಗುರುತು ಹಾಕುವುದನ್ನೇ ಬಿಟ್ಟೆ. ಇಬ್ಬರಲ್ಲಿ ಯಾರು ಮೊದಲು ಗುರುತು ಹಾಕುತ್ತಾರೋ ಅವನ ಹಿಂದೆ ಹೋಗುವುದು. ಅವನು ಪೆದ್ದನಾದರೂ ಸರಿ. ಒಬ್ಬನೇ ಸರಿ ದಾರಿ ಹಿಡಿಯುವುದಕ್ಕಿಂತ ಮೂವರೂ ಸೇರಿ ತಪ್ಪು ದಾರಿ ಹಿಡಿದರೆ ಲೆವೆಲ್ ಏರಿಸುವ ರೂನ್ ಜಾಸ್ತಿ ಸಿಗುತ್ತದೆ. ಇದನ್ನು ನಾನು ಬಿಲ್ ಬುಕ್ಕಿನಲ್ಲಿ ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಚರ್ಚ್ ಪಕ್ಕದಲ್ಲೇ ಹಾದು ಹೋದರೆ ಮಾತ್ರ ಒಂದು ಪಿಂಗ್, ಅದೂ ಒಂದೇ ಸಲ. ಜೀವ ತುಂಬುವ ಫ್ಲಾಸ್ಕ್ ಶುರುವಿಗೆ ಇರುವುದೇ ಮೂರು, ಚರ್ಚಿನಲ್ಲಿ ಸಿಗುವ ನಾಲ್ಕನೆಯದು ಯಾರಿಗೆ ಬೇಡ? ಒಂದು ದಿನ ಪೂರ್ತಿ ಅವರ ಹಿಂದೆ ಓಡಾಡಿ, ಎರಡನೇ ದಿನ ನಾನು ಗುರುತು ಹಾಕಿದರೆ ಹತ್ತರಲ್ಲಿ ಆರೇಳು ಸಲ ಅವರು ಬರುತ್ತಾರೆ. ಮೊದಲು ಹತ್ತರಲ್ಲಿ ಎರಡು ಸಲ ಬಂದರೆ ಪುಣ್ಯ.

ಎರಡನೇ ಬದಲಾವಣೆ ಗಾರ್ಡಿಯನ್. ಆಟದಲ್ಲಿ ಆರಿಸಿಕೊಳ್ಳುವ ಪಾತ್ರಗಳಲ್ಲಿ ಅದೊಂದು. ಅಲ್ಲಿಯವರೆಗೆ ವೈಲ್ಡರ್ ಅನ್ನುವ ಪಾತ್ರ ಆಡುತ್ತಿದ್ದೆ. ಆಟ ಬಂದ ಹೊಸದರಲ್ಲಿ ಗಾರ್ಡಿಯನ್ ಅಂದರೆ ಎಲ್ಲರಿಗೂ ತಾತ್ಸಾರ. ಹಕ್ಕಿ ಮುಖ, ದೊಡ್ಡ ಗುರಾಣಿ, ಹೊಡೆತ ಕಮ್ಮಿ. ನಮ್ಮ ಪಿಎಸ್5 ಗ್ಯಾಂಗ್ ಅಂತೂ "ಕೋಳಿ" ಅಂತಲೇ ಕರೆಯುತ್ತಿತ್ತು. ಆದರೆ ಆ ಕೋಳಿಯ ಅಲ್ಟಿಮೇಟ್, ಅಂದರೆ ಅದರ ದೊಡ್ಡ ವಿಶೇಷ ಶಕ್ತಿ ನೋಡಿ. ಮೇಲಕ್ಕೆ ಹಾರಿ ಕೆಳಗೆ ಬಡಿದರೆ ಹತ್ತಿರ ಬಿದ್ದಿರುವವರು ಒಂದೇ ಏಟಿಗೆ ಎದ್ದು ನಿಲ್ಲುತ್ತಾರೆ. ಮೂರು ಸಲ ಬಿದ್ದವನೂ ಏಳುತ್ತಾನೆ.

ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಈ ಆಟದಲ್ಲಿ ಬಿದ್ದವನ ಮೇಲೆ ಒಂದು ಗೇಜ್ ಕಾಣುತ್ತದೆ, ಅವನಿಗೇ ಹೊಡೆದು ಅದನ್ನು ಖಾಲಿ ಮಾಡಿದರೆ ಎದ್ದೇಳುತ್ತಾನೆ. ಮೊದಲ ಸಲ ಬಿದ್ದವನ ಗೇಜ್ ಒಂದೇ ತುಂಡು, ಎರಡು ಮೂರು ಏಟಿಗೆ ಎದ್ದೇಳುತ್ತಾನೆ. ಎರಡನೇ ಸಲ ಎರಡು ತುಂಡು. ಮೂರಕ್ಕೆ ಹೋದರೆ ಬಾಸ್ ಮೈಮೇಲೆ ಇರುವಾಗ ಎಬ್ಬಿಸುವುದು ಅಂದರೆ ಸಂತೆಯಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಅರ್ಧ ಎಬ್ಬಿಸಿ ಬಿಟ್ಟರೆ ಗೇಜ್ ಮತ್ತೆ ತುಂಬಿಕೊಳ್ಳುತ್ತದೆ. ನಾನು ಮಾಡುತ್ತಿದ್ದುದು ಇಷ್ಟೇ. ಒಂದು ತುಂಡಿನವನನ್ನು ಎಲ್ಲಿದ್ದರೂ ಓಡಿ ಹೋಗಿ ಎಬ್ಬಿಸು. ಎರಡು ತುಂಡಿನವನಿಗೆ ಬಾಸ್ ಇನ್ನೊಬ್ಬನ ಕಡೆ ತಿರುಗುವವರೆಗೆ ಕಾಯಿ. ಮೂರಕ್ಕೆ ಅಲ್ಟಿಮೇಟ್. ಅದಕ್ಕೆ ಮುಂಚೆ ಅಲ್ಟಿಮೇಟ್ ಮುಟ್ಟಬೇಡ, ಎಷ್ಟೇ ಕೈ ತುರಿಸಿದರೂ. ಡ್ಯಾಮೇಜ್‌ಗೆ ಅಂತ ಅದನ್ನು ಖರ್ಚು ಮಾಡಿ ಕಳೆದುಕೊಂಡ ಆಟಗಳೇ ನನ್ನ ಲೆಕ್ಕದಲ್ಲಿ ಏಳೆಂಟು ಇವೆ.

ಇನ್ನೊಂದು ವಿಚಿತ್ರ ಕಂಡೆ. ಮೊದಲ ರಾತ್ರಿಯ ಬಾಸ್‌ನಲ್ಲಿ ಒಬ್ಬನನ್ನು ಬೇಗ ಎಬ್ಬಿಸಿದರೆ, ಮೂರನೇ ದಿನ ಅವನು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಪಕ್ಕದಲ್ಲೇ ಇರುತ್ತಾನೆ. ನಾನು ಬಿದ್ದರೆ ಫ್ಲಾಸ್ಕ್ ಕೂಡ ಕುಡಿಯದೆ ಓಡಿ ಬರುತ್ತಾನೆ. ಮಾತೇ ಇಲ್ಲದ ಕಡೆ ಇದೇ ಮಾತು ಅನ್ನಿಸಿತು. ಬಿಲ್ಲುಗಾರ ಐರನ್‌ಐ ಸಿಕ್ಕರಂತೂ ಹಬ್ಬ, ದೂರದಿಂದ ಬಾಣ ಬಿಟ್ಟೇ ಎಬ್ಬಿಸುತ್ತಾನೆ. ಆದರೆ ಮೂವರೂ ಐರನ್‌ಐ ಆದರೆ ಬಾಸ್ ಯಾರ ಮೇಲೆ ಬರಬೇಕು ಅಂತ ಗೊತ್ತಾಗದೆ ಮೂವರೂ ಓಡುತ್ತಾರೆ. ಹಾಗಾಗಿದ್ದೂ ಉಂಟು.

ಮಧ್ಯೆ ಒಂದಿಷ್ಟು ತರಲೆ ಪ್ರಯೋಗ ಮಾಡಿದೆ. ಏಡೆಲ್ ಅನ್ನುವ ಬಾಸ್‌ಗೆ ವಿಷ ತಡೆಯೋಕಾಗಲ್ಲ. ವಿಷ ಏರಿತೆಂದರೆ ಸ್ವಲ್ಪ ಹೊತ್ತು ತತ್ತರಿಸಿ ನಿಲ್ಲುತ್ತದೆ. ಹಾಗಾಗಿ ವಿಷದ ಆಯುಧ ಸಿಕ್ಕಾಗಲೆಲ್ಲ ಅವರ ಕಾಲ ಬುಡಕ್ಕೆ ಹಾಕಿ ಪಿಂಗ್ ಮಾಡುತ್ತಿದ್ದೆ. ಮೂರರಲ್ಲಿ ಒಬ್ಬ ಎತ್ತಿಕೊಳ್ಳುತ್ತಿದ್ದ. ಉಳಿದವರು ನಾನು ಬೇಡದ್ದನ್ನು ಎಸೆದೆ ಅಂದುಕೊಳ್ಳುತ್ತಿದ್ದರೇನೋ. ಒಮ್ಮೆ ಜಪಾನಿ ಅಕ್ಷರದ ಹೆಸರಿನವನೊಬ್ಬ ನಾನು ಕೊಟ್ಟಿದ್ದನ್ನು ತಗೊಂಡು, ತನ್ನ ಹತ್ತಿರ ಇದ್ದ ಗುರಾಣಿಯನ್ನು ನನ್ನ ಮುಂದೆ ಇಟ್ಟು ಬಗ್ಗಿ ನಮಸ್ಕಾರ ಮಾಡಿದ. ಆ ಆಟ ಸೋತೆವು. ಆದರೂ ಬಿಲ್ ಬುಕ್ಕಿನಲ್ಲಿ ಅದರ ಮುಂದೆ ಒಂದು ಚುಕ್ಕೆ ಇಟ್ಟಿದ್ದೇನೆ.

ಜುಲೈ ಕೊನೆಗೆ ಇಬ್ಬರೇ ಆಡುವ ವ್ಯವಸ್ಥೆ ಬಂತು. ಬೆಂಗಳೂರಲ್ಲಿರುವ ನಮ್ಮ ಚಿಕ್ಕಪ್ಪನ ಮಗನಿಗೂ ಪಿಸಿ ಇದೆ. ಫೋನ್ ಸ್ಪೀಕರ್‌ನಲ್ಲಿಟ್ಟು ಇಬ್ಬರೂ ಕೂತೆವು. ಗೊತ್ತಿರುವವನು, ಮಾತೂ ಆಡಬಹುದು, ಇನ್ನೇನು ಬೇಕು? ಒಂಬತ್ತು ಆಟದಲ್ಲಿ ಒಂದು ಗೆದ್ದೆವು. "ಎಡಕ್ಕೆ ಬಾರೋ ಅಂದ್ರೆ ಬಲಕ್ಕೆ ಹೋಗ್ತೀಯಲ್ಲೋ" ಅಂತ ಅವನು, "ನಿಂದೇ ತಪ್ಪು" ಅಂತ ನಾನು. ಕೊನೆಗೆ ಆಟ ಬಿಟ್ಟು ಊರಿನ ಜಮೀನಿನ ವಿಷಯಕ್ಕೆ ಜಗಳ ಹೋಯಿತು. ಗುರುತಿಲ್ಲದವರು ಎಷ್ಟೋ ವಾಸಿ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಅನ್ನುವ ಇನ್ನೊಂದು ಆಟದಲ್ಲೂ ಎಸ್‌ಒಎಸ್ ಬಿಟ್ಟು ಜನ ಕರೆದು ನೋಡಿದ್ದೇನೆ. ಅಲ್ಲಿ ಯಾರೇ ಬಿದ್ದರೂ ಎಲ್ಲರದ್ದೂ ಸೇರಿ ಮೂರಕ್ಕೆ ಆಟ ಮುಗಿಯುತ್ತದೆ. ಬಿದ್ದವನ ಮೇಲೆ ಸಿಟ್ಟು ಬರುತ್ತದೆಯೇ ಹೊರತು ಅವನನ್ನು ಎಬ್ಬಿಸುವ ಅವಕಾಶ ಸಿಗುವುದಿಲ್ಲ. ನನಗೆ ಇದೇ ಸರಿ.

ಕರೆಂಟ್ ವಿಷಯ ಹೇಳದಿದ್ದರೆ ಲೆಕ್ಕ ಪೂರ್ತಿ ಆಗಲ್ಲ. ಫುಲ್ಗರ್ ಅಂತ ಇನ್ನೊಂದು ಬಾಸ್, ಕುದುರೆ ಮೈಯ ಯೋಧ, ಕಾಲು ಭಾಗ ಜೀವ ಉಳಿದಿತ್ತು. ಸಿಡಿಲಿನ ಈಟಿ ಕೈಯಲ್ಲಿತ್ತು, ಅವನಿಗೆ ಸಿಡಿಲೇ ಮದ್ದು. ಕರೆಂಟ್ ಹೋಯಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಓಡುತ್ತಿತ್ತು. ರೂಟರಿಗೆ ಇರಲಿಲ್ಲ. ಆ ಇಬ್ಬರು ನನ್ನನ್ನು ಎಷ್ಟು ಬೈದುಕೊಂಡರೋ. ಮರುದಿನವೇ ರೂಟರಿಗೆ ಒಂದು ಚಿಕ್ಕ ಯುಪಿಎಸ್ ತಂದೆ, ಸಾವಿರದ ಇನ್ನೂರು ಚಿಲ್ಲರೆ. ಅದರ ಜೊತೆ ಹದಿನೈದು ಮೀಟರ್ ಲ್ಯಾನ್ ಕೇಬಲ್, ನಾನೂರು. ವೈಫೈ ಬಿಟ್ಟು ಕೇಬಲ್ ಹಾಕಿದ ಮೇಲೆ ಆಟ ತುಂಡಾಗುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಹೆಡ್‌ಸೆಟ್ ಬದಲು ಮೊದಲು ಇದನ್ನು ತಂದಿದ್ದರೆ ಜೂನ್ ತಿಂಗಳೆಲ್ಲ ಉಳಿಯುತ್ತಿತ್ತು. ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ತಗೊಂಡು ಕೆಟ್ಟ ಕಥೆ ಇನ್ನೊಂದಿದೆ, ಅದು ಬೇಡ. ಮೆಣಸಿನಕಾಯಿ, ನರಗೀಸ್ ಮಂಡಕ್ಕಿ ತಿಂದ ಎಣ್ಣೆ ಕೈಯಲ್ಲಿ ಕಂಟ್ರೋಲರ್ ಮುಟ್ಟಬೇಡಿ ಅಂತಷ್ಟೇ ಹೇಳುತ್ತೇನೆ.

ನಾಸ್ಟರ್, ಮಾರಿಸ್ ಅನ್ನುವ ಬಾಸ್‌ಗಳ ಬಗ್ಗೆ ಹೇಳುವುದಕ್ಕೆ ಜಾಸ್ತಿ ಇಲ್ಲ, ಒಂದಕ್ಕೆ ಬೆಂಕಿ, ಇನ್ನೊಂದಕ್ಕೆ ಸಿಡಿಲು ಮದ್ದು. ಲಿಬ್ರಾ ನನ್ನನ್ನು ಬಹಳ ಕಾಡಿತು, ಗೆದ್ದಿದ್ದು ಅದೃಷ್ಟ. ಕ್ಯಾಲಿಗೋ ಮಂಜಿನ ಡ್ರ್ಯಾಗನ್, ಅದಕ್ಕೂ ಬೆಂಕಿಯೇ ಮದ್ದು. ಅಲ್ಲಿ ಚದುರಿದರೆ ಕೆಟ್ಟೆವು. ನಾನು ಒಂದು ಕಡೆ ಗುರಾಣಿ ಹಿಡಿದು ನಿಂತುಬಿಡುತ್ತಿದ್ದೆ. ಓಡಿ ಸುಸ್ತಾದವರು ತಾವಾಗೇ ನನ್ನ ಹಿಂದೆ ಬಂದು ಫ್ಲಾಸ್ಕ್ ಕುಡಿಯುತ್ತಿದ್ದರು. ಬಸ್‌ಸ್ಟ್ಯಾಂಡ್ ಕಂಬದ ಹಾಗೆ ನಿಂತಿದ್ದೇ ನನ್ನ ದೊಡ್ಡ ಸಾಧನೆ. ಯಾವ ರೆಲಿಕ್ ಹಾಕಿಕೊಂಡಿದ್ದೆ ಅಂತ ಕೇಳಬೇಡಿ. ಮೂರರಲ್ಲಿ ಎರಡು ಎಲ್ಲರಿಗೂ ಗೊತ್ತಿರುವವೇ. ಮೂರನೆಯದನ್ನು ಆ ಪಿಎಸ್5 ಹುಡುಗರಿಗೂ ಹೇಳಿಲ್ಲ. ಕೊನೆಯ ಬಾಸ್‌ನಲ್ಲಿ ಎಲ್ಲಿ ನಿಂತರೆ ಏಟು ಕಮ್ಮಿ ಬೀಳುತ್ತದೆ ಅನ್ನುವುದನ್ನೂ ಹೇಳಲ್ಲ.

ಆಗಸ್ಟ್ ಪೂರ್ತಿ ಆಟ ಬಂದ್. ಗಣೇಶನ ಹಬ್ಬದ ಸೀಸನ್ನು, ಫ್ಲೆಕ್ಸ್ ಅಂಗಡಿಯವರಿಗೆ ಮಲಗೋಕೂ ಪುರಸೊತ್ತಿರಲ್ಲ. ಆ ದುಡ್ಡಲ್ಲೇ ಹೆಡ್‌ಸೆಟ್ ನಷ್ಟ ತುಂಬಿಕೊಂಡೆ. ಕೊನೆಯ ಬಾಸ್ ಹ್ಯೋಲ್‌ಸ್ಟರ್ ಸಿಕ್ಕಿಬಿದ್ದಿದ್ದು ದಸರಾ ಹತ್ತಿರ.

ಅವತ್ತು ಒಬ್ಬಳು ಡಚೆಸ್, ಒಬ್ಬ ರೇಡರ್, ನಾನು ಗಾರ್ಡಿಯನ್. ರೇಡರ್ ಮೊದಲ ದಿನವೇ ಬೆಟ್ಟದ ತುದಿಯಲ್ಲಿರುವ ಏನೋ ಒಂದಕ್ಕೆ ಗುರುತು ಹಾಕಿದ. ಹುಚ್ಚಾಟ ಅಂತ ಗೊತ್ತಿದ್ದೂ ಹಿಂದೆ ಹೋದೆ. ಇಬ್ಬರೂ ಬಿದ್ದೆವು, ಡಚೆಸ್ ಬಂದು ಎಬ್ಬಿಸಿದಳು. ಆಮೇಲೆ ಮೂವರೂ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ಬಾಸ್ ಹತ್ತಿರ ಹೋಗುವಾಗ ಮೂವರದ್ದೂ 14ನೇ ಲೆವೆಲ್. ನನ್ನ ಹತ್ತಿರ ಹೋಲಿ (ಪವಿತ್ರ ಶಕ್ತಿಯ) ಹ್ಯಾಲ್ಬರ್ಡ್ ಆಯುಧ ಇತ್ತು, ಹ್ಯೋಲ್‌ಸ್ಟರ್‌ಗೆ ಅದೇ ಬೇಕಿದ್ದದ್ದು. ಎರಡನೇ ಹಂತದಲ್ಲಿ ರೇಡರ್ ಮೂರನೇ ಸಲ ಬಿದ್ದ. ಅವನ ಹತ್ತಿರವೇ ಡಚೆಸ್ ಕೂಡ ಬಿದ್ದಳು. ನಾನೊಬ್ಬನೇ, ಫ್ಲಾಸ್ಕ್ ಒಂದು. ಆದರೆ ಅಲ್ಟಿಮೇಟ್ ಇತ್ತು, ಮುಟ್ಟಿರಲಿಲ್ಲ. ಹಾರಿದೆ. ಇಬ್ಬರೂ ಎದ್ದರು. ರೇಡರ್ ಎದ್ದವನೇ ತನ್ನ ಕಲ್ಲಿನ ಕಂಬ ಎಬ್ಬಿಸಿದ. ನಾನು ಕೈ ಬಿಟ್ಟು ಕೂತೆ. ಕಡೇ ಏಟು ಯಾರದ್ದು ಅಂತ ನೋಡಲೂ ಇಲ್ಲ.

ಅರ್ಧ ರಾತ್ರಿಗೆ ಕೂಗಿದ್ದಕ್ಕೆ ಅಮ್ಮ ಎದ್ದು ಬಂದಳು. "ಏನಾತೋ? ಕರೆಂಟ್ ಹೊಡೀತಾ?" ಅಂದಳು. ಇಲ್ಲಮ್ಮ, ಗೆದ್ದೆ ಅಂದೆ. "ಎಷ್ಟು ಬಂತು?" ಅಂದಳು.

ಬಿಲ್ ಬುಕ್ಕಿನ ಪ್ರಕಾರ ಕೊನೆಯ 40 ಆಟದಲ್ಲಿ 22 ಗೆದ್ದಿದ್ದೇನೆ, ಒಂದೆರಡು ಆಚೀಚೆ ಇರಬಹುದು. 2025ರ ಸೆಪ್ಟೆಂಬರಿನಲ್ಲಿ ಬಂದ ಡೀಪ್ ಆಫ್ ನೈಟ್ ಅನ್ನುವ ಇನ್ನೂ ಕಷ್ಟದ ಮೋಡ್ ಈಗ ಶುರು ಮಾಡಿದ್ದೇನೆ, ಅಲ್ಲಿ ಮತ್ತೆ ಮೊದಲಿನಿಂದ ಒದೆ ತಿನ್ನುತ್ತಿದ್ದೇನೆ. ಹೆಡ್‌ಸೆಟ್ ಡಬ್ಬದಲ್ಲೇ ಇದೆ, ಬಿಲ್ಲೂ ಇದೆ. ಸಾವಿರದ ಎಂಟುನೂರಕ್ಕೆ ಕೊಡುತ್ತೇನೆ. ಪಿಎಸ್5 ಹುಡುಗರಿಗೆ ಮಾತ್ರ ಎರಡು ಸಾವಿರ.