ಏಕಾದಶಿ ಸಂಜೆ ನಾಲ್ಕರ ಹಸಿವು: ದಾಟುವುದು ಹೇಗೆ?

ಏಕಾದಶಿ ಉಪವಾಸ ಹೆಚ್ಚಾಗಿ ಕೆಡುವುದು ಸಂಜೆ ನಾಲ್ಕರಿಂದ ಎಂಟರ ಒಳಗೆ. ಅಲ್ಲಿವರೆಗೆ ಚೆನ್ನಾಗಿಯೇ ಇದ್ದವರು ಸುಮ್ನೆ ಅಡುಗೆಮನೆಗೆ ಹೋಗುತ್ತಾರೆ. ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ ಕಡಲೆಬೀಜ ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ "ಹೇಗೂ ಆಯ್ತಲ್ಲ" ಅಂತ ಸಾಬಕ್ಕಿ ಖಿಚಡಿ, ಅದರ ಮೇಲೆ ಎರಡು ಬಾಳೆಹಣ್ಣು, ಒಂದು ಲೋಟ ಬಾದಾಮಿ ಹಾಲು. ಇದನ್ನು ನೋಡಿ ನೋಡಿಯೇ ಇಷ್ಟು ಬರೆಯಬೇಕು ಅನ್ನಿಸಿತು.

ಯಾರು ಮಾಡಬಾರದು ಅನ್ನುವುದು ಮೊದಲು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಬಾಣಂತಿಯರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಪಟ್ಟವರು ಈ ಸಾಹಸಕ್ಕೆ ಇಳಿಯಬೇಡಿ. ಬೇರೆ ಕಾಯಿಲೆಗೆ ಔಷಧ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಶಾಸ್ತ್ರವೇ ಎಂಟು ವರ್ಷದೊಳಗಿನ ಮಕ್ಕಳನ್ನೂ ಎಂಬತ್ತು ದಾಟಿದವರನ್ನೂ ಬಿಟ್ಟಿದೆ, ನಾವು ಹಟ ಹಿಡಿಯುವುದು ಯಾಕೆ?

1. ದಶಮಿ

ಮಧ್ಯಾಹ್ನ ಒಂದೇ ಊಟ, ಉಪ್ಪು ಖಾರ ಕಡಿಮೆ. ದಶಮಿ ಮಧ್ಯಾಹ್ನ 1ಕ್ಕೆ ಉಂಡು ದ್ವಾದಶಿ ಬೆಳಿಗ್ಗೆ 6ಕ್ಕೆ ಪಾರಣೆ (ಉಪವಾಸ ಬಿಡುವ ಊಟ) ಮಾಡಿದರೆ 41 ಗಂಟೆ ಆಗುತ್ತದೆ. "ನಾಳೆ ಏನೂ ಇಲ್ಲವಲ್ಲ" ಅಂತ ಬಜ್ಜಿ ಬೋಂಡಾ ಬಾರಿಸಿದರೆ ಮಾರನೇ ದಿನ ಬಾಯಾರಿಕೆಯೇ ಹಸಿವಿನ ವೇಷ ಹಾಕಿಕೊಂಡು ಬರುತ್ತದೆ.

ಕಾಫಿಯನ್ನು ಮಾತ್ರ ಮೂರ್ನಾಲ್ಕು ದಿನ ಮೊದಲೇ ಅರ್ಧರ್ಧ ಲೋಟಕ್ಕೆ ಇಳಿಸಿ. ದಿನಾ ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರುವಾಗುತ್ತದೆ. ಅದು ಕೆಫೀನ್ ಸಿಗದ ಗೋಳು. ಜನ ಅದನ್ನು "ಉಪವಾಸ ನನಗೆ ಆಗಿಬರಲ್ಲ, ಪಿತ್ತ" ಅಂತ ಲೆಕ್ಕ ಹಾಕಿಬಿಡುತ್ತಾರೆ.

2. ಏಕಾದಶಿ ಬೆಳಿಗ್ಗೆ

ಸ್ನಾನ, ಪೂಜೆ, ಕೆಲಸ. ಇದರಲ್ಲಿ ಕಷ್ಟ ಏನಿಲ್ಲ. ನೀರು ಕುಡಿಯಿರಿ. ಮೊದಲ ಸಲಕ್ಕೇ ನಿರ್ಜಲ ಬೇಡವೇ ಬೇಡ, ಯಾರು ಏನೇ ಅಂದುಕೊಳ್ಳಲಿ.

3. ಸಂಜೆ ನಾಲ್ಕು

ಈಗ ಬಂತು ನೋಡಿ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೊಟ್ಟೆಯಿಂದ ಬರುತ್ತದೆ. ನೀವು ದಿನಾ ತಿನ್ನುವ ಹೊತ್ತಿಗೆ ಅದು ತಾನಾಗಿ ಏರುತ್ತದೆ. ವಿಶೇಷ ಏನೆಂದರೆ, ತಿನ್ನದೇ ಇದ್ದರೂ ಸ್ವಲ್ಪ ಹೊತ್ತಿಗೆ ಅದೇ ಇಳಿಯುತ್ತದೆ. ಬಹಳ ಜನರಿಗೆ ಈ ಇಳಿಯುವುದೇ ಗೊತ್ತಿಲ್ಲ. ನಾಲ್ಕಕ್ಕೇ ಇಷ್ಟು ಸಂಕಟ ಅಂದ್ರೆ ರಾತ್ರಿ ಎಂಟಕ್ಕೆ ಪ್ರಾಣವೇ ಹೋಗುತ್ತದೆ ಅಂತ ಹೆದರಿ ಡಬ್ಬಿಗೆ ಕೈ ಹಾಕುತ್ತಾರೆ.

ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಈಗ ಎದುರಿಗೆ ಉಪ್ಪಿಲ್ಲದ ಸಪ್ಪೆ ಗಂಜಿ ಇಟ್ಟರೆ ಕುಡಿಯುತ್ತೀರಾ? ಕುಡಿಯುತ್ತೇನೆ ಅನ್ನಿಸಿದರೆ ಅದು ಹೊಟ್ಟೆಯ ಹಸಿವು. "ಗಂಜಿ ಬೇಡ, ಎರಡು ಕೋಡುಬಳೆ ಇದ್ದಿದ್ದರೆ..." ಅನ್ನಿಸಿದರೆ ಅದು ಬರೀ ನಾಲಿಗೆ ಚಪಲ. ಸಂಜೆ ಬರುವುದು ಬಹುಪಾಲು ಈ ಎರಡನೆಯದೇ.

ಚಪಲದ ಜೊತೆ ವಾದಕ್ಕೆ ಕೂರಬೇಡಿ. ತಿನ್ನಲೋ ಬೇಡವೋ ಅಂತ ಯೋಚಿಸುತ್ತಾ ಕೂತವರು ಕೊನೆಗೆ ತಿಂದೇ ತಿನ್ನುತ್ತಾರೆ. ಎದ್ದು ಅಡುಗೆಮನೆಯಿಂದ ದೂರದ ಕೋಣೆಗೆ ಹೋಗಿ. ಕೈಗೆ ಕೆಲಸ ಕೊಡಿ: ಹೂ ಕಟ್ಟುವುದು, ಬಟ್ಟೆ ಮಡಚುವುದು, ದೇವರ ದೀಪ ತಿಕ್ಕುವುದು. ಎರಡೂ ಕೈ ಬೇಕಾಗುವ ಕೆಲಸವೇ ಆಗಬೇಕು. ಟಿವಿ ಬೇಡ, ಅದರ ಮುಂದೆ ಕೈ ಖಾಲಿ ಇರುತ್ತದೆ. ಮೊಬೈಲ್ ಇನ್ನೂ ಕೆಟ್ಟದ್ದು, ಮೂರನೇ ರೀಲ್ಸ್‌ನಲ್ಲೇ ಯಾರೋ ಮಸಾಲೆ ದೋಸೆಗೆ ಬೆಣ್ಣೆ ಹಾಕುತ್ತಿರುತ್ತಾರೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಗಂಡಸರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ಮಾಡಿದರು. ಅವರಲ್ಲಿ ಕೆಲವರು ಅಡುಗೆ ಪುಸ್ತಕ ಓದುವುದಕ್ಕೆ, ಕೂಡಿಡುವುದಕ್ಕೆ ಶುರು ಮಾಡಿದ್ದರು. ಹಸಿದ ಮನಸ್ಸು ಊಟದ ಚಿತ್ರವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ನಾವು ಬೇರೆ ತೋರಿಸಬೇಕಾ?

ಉಪವಾಸ ಇಲ್ಲದವರಿಗೆ ನೀವೇ ಅಡುಗೆ ಮಾಡಬೇಕಾದರೆ ಕಷ್ಟ ಡಬಲ್. ಸಾಸಿವೆ ಸಿಡಿದು ಇಂಗು ಕರಿಬೇವಿನ ಘಮ ಬಂತೋ, ಬಾಯಲ್ಲಿ ನೀರೂರಿ ಹೊಟ್ಟೆ ಊಟಕ್ಕೆ ಸಜ್ಜಾಗಿಬಿಡುತ್ತದೆ. ಮಧ್ಯಾಹ್ನವೇ ಎರಡು ಹೊತ್ತಿನದನ್ನೂ ಮಾಡಿಡಿ. ಉಪ್ಪು ನೋಡುವ ಕೆಲಸ ಮಕ್ಕಳಿಗೆ ಬಿಡಿ. "ಒಂದು ತೊಟ್ಟು ತಾನೇ" ಅಂತ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿದವರ ಉಪವಾಸ ಅಲ್ಲಿಂದಲೇ ಜಾರಲು ಶುರುವಾಗುತ್ತದೆ. ಸಾಧ್ಯವಾದರೆ ಆ ದಿನ ಸಂಜೆ ಅಡುಗೆಮನೆ ಯಜಮಾನರಿಗೆ. ಉಪ್ಪಿಟ್ಟು ಅವರಿಗೂ ಬರುತ್ತದೆ, ಅಲ್ವಾ?

ಮಧ್ಯದಲ್ಲಿ ಒಂದು ಮಾತು. ಅಂಗಡಿಯಲ್ಲಿ ಸಿಗುವ "ಉಪವಾಸ ಸ್ಪೆಷಲ್" ಆಲೂ ಚಿಪ್ಸ್, ಚಿವ್ಡಾ ಪ್ಯಾಕೆಟ್ ಮನೆಯೊಳಗೇ ತರಬೇಡಿ. ಎಣ್ಣೆ ಉಪ್ಪು ಬಿಟ್ಟರೆ ಅದರಲ್ಲಿ ಬೇರೇನಿದೆ? ಒಂದು ತಿಂದರೆ ಹತ್ತು ಬೇಕು. ಹಸಿವು ಅಡಗಿಸುವ ಚಹಾ ಅಂತ ಮಾರುತ್ತಾರಲ್ಲ, ಅದೂ ದುಡ್ಡು ದಂಡ. ಫಲಾಹಾರ ಮಾಡುವುದಾದರೆ ಹಣ್ಣು, ಹಾಲು ಎಷ್ಟು ಅಂತ ಬೆಳಿಗ್ಗೆಯೇ ಬೇರೆ ತೆಗೆದಿಡಿ. ನಾಲ್ಕು ಗಂಟೆಗೆ ಅಳತೆ ನಿರ್ಧರಿಸಲು ಹೋದರೆ ತೀರ್ಪು ಯಾವಾಗಲೂ ನಾಲಿಗೆಯ ಪರವೇ.

ಬೆವರು ಬಂದು ಮೈ ತಣ್ಣಗಾಗುವುದು, ಕೈ ನಡುಕ, ಕಣ್ಣು ಕತ್ತಲೆ, ಮಾತು ತಡವರಿಸುವುದು ಚಪಲ ಅಲ್ಲ. ಕೂಡಲೇ ಸಕ್ಕರೆ ನೀರು ಕುಡಿಯಿರಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ಆಸ್ಪತ್ರೆಗೆ.

4. ರಾತ್ರಿ

ಒಂಬತ್ತರ ಹೊತ್ತಿಗೆ ಬಹಳ ಜನರಿಗೆ ಹಸಿವು ಮಂದವಾಗುತ್ತದೆ. ಲಿವರ್ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನದಲ್ಲಿ ಖಾಲಿಯಾಗುತ್ತದೆ, ದೇಹ ಕೊಬ್ಬಿನ ಕಡೆ ತಿರುಗಿರುತ್ತದೆ. ನಿದ್ದೆ ತಡವಾದರೆ ಗಾಬರಿ ಬೇಡ. ಭಜನೆ ಇದ್ದರೆ ಹೋಗಿ ಕೂತುಕೊಳ್ಳಿ.

5. ಪಾರಣೆ

ಬೆಳಿಗ್ಗೆ ಬೇಗ. ಮೊದಲು ಎರಡು ಸೌಟು ತೆಳು ಗಂಜಿ, ನಂತರ ಸ್ವಲ್ಪ ಅನ್ನ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ. ಕಾಫಿ ಊಟ ಆದ ಮೇಲೆಯೇ. ಬರೀ ಹೊಟ್ಟೆಗೆ ಡಿಕಾಕ್ಷನ್ ಇಳಿಸಿದರೆ ಎದೆಯುರಿ.

ಅಂದು ಹತ್ತು ಗಂಟೆಗೆ ಮತ್ತೆ ಏನಾದರೂ ಬೇಕು ಅನ್ನಿಸುತ್ತದೆ. ಹೊಟ್ಟೆ ತುಂಬಿದ್ದರೂ ಮನಸ್ಸು ನಿನ್ನೆಯ ಬಾಕಿ ವಸೂಲಿಗೆ ಬಂದಿರುತ್ತದೆ. ಹೋಳಿಗೆ, ಪಾಯಸ ಇದ್ದರೆ ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ, ಊಟವನ್ನು ಎಂದಿನ ಹೊತ್ತಿಗೇ ಮಾಡಿ.