ಮನೆಯಲ್ಲೇ ಮೋಟಾರ್ ಕ್ಯಾಮೆರಾ ಸ್ಲೈಡರ್: ಮೊದಲು ಹಳಿ, ಆಮೇಲೆ ತಂತಿ

ತೋಟದ ಸಾಲಿನ ಮುಂದೆ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿದರೆ ಹತ್ತಿರದ ಅಡಿಕೆ ಮರ ಬೇಗ ಓಡುತ್ತದೆ, ಹಿಂದಿನ ಗುಡ್ಡ ಅಲುಗಾಡುವುದೇ ಇಲ್ಲ. ಚಪ್ಪಟೆಯಾಗಿ ಕಾಣುತ್ತಿದ್ದ ಚಿತ್ರಕ್ಕೆ ಆಗ ಆಳ ಬರುತ್ತದೆ. ಸಿನಿಮಾದವರು ಇದಕ್ಕೆ ಟ್ರ್ಯಾಕ್ ಮತ್ತು ಟ್ರಾಲಿ ಹಾಕುತ್ತಾರೆ. ಮದುವೆ ವಿಡಿಯೊ ಮಾಡುವವರು, ಯೂಟ್ಯೂಬ್‌ಗೆ ಚಿತ್ರೀಕರಿಸುವವರು ಒಂದು ಮೀಟರ್ ಉದ್ದದ ಸ್ಲೈಡರ್‌ನಲ್ಲೇ ಈ ಚಲನೆ ತರಬಹುದು. ಅದನ್ನು ಮನೆಯಲ್ಲೇ ಕಟ್ಟಬಹುದು. ಡ್ರಿಲ್, ಅಲೆನ್ ಕೀ, ಮಲ್ಟಿಮೀಟರ್, ಬೆಸುಗೆ ಹಾಕುವ ಕಡ್ಡಿ, ಇಷ್ಟಿದ್ದರೆ ಸಾಕು.

ಮೊದಲೇ ಒಂದು ಮಾತು. ಹೆಚ್ಚಿನವರು ಮೋಟಾರ್ ಮತ್ತು ಪ್ರೋಗ್ರಾಂನಿಂದ ಕೆಲಸ ಶುರು ಮಾಡುತ್ತಾರೆ. ಆದರೆ ಚಿತ್ರ ನಡುಗದಂತೆ ನೋಡಿಕೊಳ್ಳುವುದು ಹಳಿ, ಮೋಟಾರ್ ಅಲ್ಲ. ಕೈಯಲ್ಲಿ ತಳ್ಳಿದಾಗಲೇ ನುಣುಪಾಗಿ ಸಾಗದ ಸ್ಲೈಡರ್‌ಗೆ ಎಷ್ಟು ದುಬಾರಿ ಮೋಟಾರ್ ಹಾಕಿದರೂ ಪ್ರಯೋಜನವಿಲ್ಲ. ನಿಮ್ಮ ಹಣ, ಸಮಯ ಎರಡರಲ್ಲೂ ದೊಡ್ಡ ಪಾಲು ಹಳಿಗೇ ಹೋಗಲಿ.

ಹಳಿ ಮತ್ತು ಗಾಡಿ

ಎರಡು ದಾರಿಗಳಿವೆ. ಒಂದು, ಎರಡು ಉಕ್ಕಿನ ಸರಳುಗಳ ಮೇಲೆ ಲೀನಿಯರ್ ಬೇರಿಂಗ್. ಇನ್ನೊಂದು, ವಿ-ಸ್ಲಾಟ್ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಗಾಲಿಗಳ ಗಾಡಿ.

ಸರಳು ಅಗ್ಗವಾಗಿ ಸಿಗುತ್ತದೆ ಎಂದು 8 ಮಿ.ಮೀ.ನದ್ದನ್ನು ತರುವವರು ಜಾಸ್ತಿ. 80 ಸೆಂ.ಮೀ. ಉದ್ದಕ್ಕೆ ಅದು ಸಾಲದು. ತುದಿಗಳಲ್ಲಿ ಮಾತ್ರ ಆಧಾರ ಕೊಟ್ಟು ನಡುವೆ ಒಂದು ಕಿಲೋ ಇಟ್ಟರೆ, ಎರಡು ಸರಳು ಸೇರಿದರೂ ಒಂದು ಮಿ.ಮೀ.ಗಿಂತ ಹೆಚ್ಚು ಬಾಗುತ್ತವೆ. ಅದೇ 12 ಮಿ.ಮೀ. ಸರಳಾದರೆ ಬಾಗು ಐದನೇ ಒಂದು ಪಾಲಿಗೆ ಇಳಿಯುತ್ತದೆ, ಏಕೆಂದರೆ ಗಟ್ಟಿತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಉದ್ದ ಇದರ ಉಲ್ಟಾ: ಎರಡು ಪಟ್ಟು ಉದ್ದ ಮಾಡಿದರೆ ಬಾಗು ಎಂಟು ಪಟ್ಟು. ಹಾಗಾಗಿ ಆಸೆಗೆ ಬಿದ್ದು ಎರಡು ಮೀಟರ್ ಹಳಿ ಮಾಡಲು ಹೋಗಬೇಡಿ.

ನನ್ನ ಆಯ್ಕೆ ವಿ-ಸ್ಲಾಟ್ 2040 ಪಟ್ಟಿ, ಒಂದು ಮೀಟರ್. ಅಂದರೆ 20 ಮತ್ತು 40 ಮಿ.ಮೀ. ಅಳತೆಯ ಅಡ್ಡಕೊಯ್ತ. ಎರಡು 8 ಮಿ.ಮೀ. ಸರಳುಗಳಿಗಿಂತ ಇದು ಹಲವು ಪಟ್ಟು ಗಟ್ಟಿ. ತ್ರೀಡಿ ಪ್ರಿಂಟರ್ ಬಿಡಿಭಾಗ ಮಾರುವವರ ಬಳಿ ಪಟ್ಟಿ, ನಾಲ್ಕು ಗಾಲಿಯ ಗಾಡಿ ಎರಡೂ ಸಿಗುತ್ತವೆ. ಮೋಟಾರ್, ಡ್ರೈವರ್, ತಂತಿ, ಸ್ವಿಚ್‌ಗಳಿಗೆ ಬೆಂಗಳೂರಿನಲ್ಲಿದ್ದರೆ ಎಸ್‌.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿ. ಬೇರೆ ಊರಿನವರಿಗೆ ಆನ್‌ಲೈನ್ ಇದ್ದೇ ಇದೆ.

ಗಾಡಿಯ ಒಂದು ಬದಿಯ ಗಾಲಿಗಳಿಗೆ ಎಕ್ಸೆಂಟ್ರಿಕ್ ನಟ್ ಇರುತ್ತದೆ. ಅದನ್ನು ತಿರುಗಿಸಿದರೆ ಗಾಲಿ ಹಳಿಯನ್ನು ಒತ್ತುತ್ತದೆ ಇಲ್ಲವೇ ಬಿಡುತ್ತದೆ. ಇದನ್ನು ಸರಿಪಡಿಸಲು ಅರ್ಧ ಗಂಟೆ ಹೋದರೂ ಪರವಾಗಿಲ್ಲ. ಗಾಡಿಯನ್ನು ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದರೆ ಸಡಿಲ. ಗಾಡಿಯನ್ನು ಬಿಗಿಯಾಗಿ ಹಿಡಿದು ಒಂದು ಗಾಲಿಯನ್ನು ಬೆರಳಲ್ಲಿ ತಿರುಗಿಸಿ. ಸ್ವಲ್ಪ ಬಲ ಹಾಕಿದ ಮೇಲೆ ಜಾರಿ ತಿರುಗಿದರೆ ಸರಿ, ಒಂಚೂರೂ ಅಲುಗದಿದ್ದರೆ ಬಿಗಿ ಜಾಸ್ತಿ. ಕೊನೆಗೆ ಹಳಿಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ಗಾಡಿ ತನ್ನ ಭಾರಕ್ಕೇ ಎಲ್ಲೂ ತಡೆಯದೆ ಇಳಿಯಬೇಕು. ಎಲ್ಲಾದರೂ ನಿಂತರೆ ಅಲ್ಲಿ ಅಲ್ಯೂಮಿನಿಯಂ ಚೂರೋ ಗೀರೋ ಇದೆ ಎಂದರ್ಥ. ಒರೆಸಿ, ಬೇಕಿದ್ದರೆ ಸಣ್ಣ ಮರಳು ಕಾಗದದಲ್ಲಿ ಉಜ್ಜಿ. ಈ ಪರೀಕ್ಷೆಯಲ್ಲಿ ಪಾಸಾಗುವವರೆಗೆ ಮೋಟಾರ್ ಮುಟ್ಟಬೇಡಿ.

ಗಾಡಿಯ ಮೇಲೆ ಬಾಲ್‌ಹೆಡ್ ಕೂರಿಸಿ. ಆದಷ್ಟು ಗಿಡ್ಡದ್ದು ಇರಲಿ, ಕ್ಯಾಮೆರಾದ ಭಾರ ಗಾಡಿಯ ನಡುಮಧ್ಯಕ್ಕೆ ಬರಲಿ.

ಮೋಟಾರ್ ಮತ್ತು ಬೆಲ್ಟ್

ನೀಮಾ 17 ಅಳತೆಯ ಸ್ಟೆಪ್ಪರ್ ಮೋಟಾರ್ ಇಲ್ಲಿಗೆ ಹೇಳಿ ಮಾಡಿಸಿದ್ದು. ಇದು ಒಂದು ಹೆಜ್ಜೆಗೆ 1.8 ಡಿಗ್ರಿಯಂತೆ 200 ಹೆಜ್ಜೆಗೆ ಒಂದು ಸುತ್ತು ತಿರುಗುತ್ತದೆ. ಎಷ್ಟು ಹೆಜ್ಜೆ ಎಂದು ಹೇಳಿದರೆ ಅಷ್ಟೇ ಹೋಗಿ ನಿಲ್ಲುತ್ತದೆ. 4 ಕಿಲೋ-ಸೆಂ.ಮೀ. ಟಾರ್ಕ್ ಇರುವುದನ್ನು ತನ್ನಿ. ಒಂದೂವರೆ ಕಿಲೋ ಭಾರವನ್ನು ನೆಟ್ಟಗೆ ಮೇಲೆ ಎಳೆಯಲೂ 20 ಹಲ್ಲಿನ ಪುಲ್ಲಿಗೆ ಬೇಕಾಗುವುದು ಸುಮಾರು ಒಂದು ಕಿಲೋ-ಸೆಂ.ಮೀ. ಅಷ್ಟೇ.

ಹಳಿಯ ಒಂದು ತುದಿಯಲ್ಲಿ ಎಲ್ ಆಕಾರದ ಪಟ್ಟಿ ಹಾಕಿ ಮೋಟಾರ್ ಕೂರಿಸಿ. ಅದರ ತಿರುಪು ರಂಧ್ರಗಳ ನಡುವೆ 31 ಮಿ.ಮೀ. ಅಂತರ, ತಿರುಪು ಎಂ3. ಇನ್ನೊಂದು ತುದಿಯಲ್ಲಿ ಐಡ್ಲರ್ ಪುಲ್ಲಿ. ಐಡ್ಲರ್‌ನ ರಂಧ್ರವನ್ನು ಉದ್ದುದ್ದ ಕೊರೆಯಿರಿ, ಬೆಲ್ಟ್ ಬಿಗಿ ಮಾಡಲು ಹಿಂದೆ ಮುಂದೆ ಸರಿಸಬೇಕಲ್ವಾ. ಜಿಟಿ2 ಬೆಲ್ಟ್ ಎರಡೂವರೆ ಮೀಟರ್ ತಂದರೆ ಸಾಕು. ಅದರ ಎರಡೂ ತುದಿಗಳನ್ನು ಗಾಡಿಗೆ ಕ್ಲಾಂಪ್ ಮಾಡಿ. ಬೆಲ್ಟ್ ಹಳಿಗೆ ಸಮಾನಾಂತರವಾಗಿ ಇರಲೇಬೇಕು. ಓರೆಯಾದರೆ ಗಾಡಿ ತುದಿಗೆ ಬಂದಾಗ ಬಿಗಿ ಏರಿ ಎಳೆತ ಶುರುವಾಗುತ್ತದೆ.

ತಂತಿ ಜೋಡಣೆ

ಆರ್ಡುಯಿನೊ ನ್ಯಾನೊ ಬೋರ್ಡ್ ಮತ್ತು ಎ4988 ಡ್ರೈವರ್ ಸಾಕು. ಆದರೆ ಚಿತ್ರದ ಜೊತೆ ಧ್ವನಿಯನ್ನೂ ರೆಕಾರ್ಡ್ ಮಾಡುವವರು ಟಿಎಂಸಿ2208 ಡ್ರೈವರ್ ತನ್ನಿ. ಎ4988 ಹಾಕಿದ ಮೋಟಾರ್ ಗುಂಯ್‌ಗುಡುವುದು ಮೈಕ್‌ಗೆ ಕೇಳುತ್ತದೆ, ಟಿಎಂಸಿ2208 ಹಾಕಿದರೆ ಹತ್ತಿರ ಹೋದರೂ ಸದ್ದು ಕೇಳುವುದು ಕಷ್ಟ.

ಮೋಟಾರ್‌ನಿಂದ ನಾಲ್ಕು ತಂತಿ ಬರುತ್ತವೆ, ಎರಡೆರಡು ಒಂದು ಜೋಡಿ. ಜೋಡಿ ಗೊತ್ತಾಗದಿದ್ದರೆ ಯಾವುದಾದರೂ ಎರಡು ತಂತಿಯ ತುದಿ ಸೇರಿಸಿ, ಕಂಬಿಯನ್ನು ಕೈಯಲ್ಲಿ ತಿರುಗಿಸಿ. ಬಿಗಿ ಅನಿಸಿದರೆ ಅವೆರಡೂ ಒಂದೇ ಸುರುಳಿಯವು. ಡ್ರೈವರ್‌ನ ಸ್ಟೆಪ್, ಡೈರೆಕ್ಷನ್, ಎನೇಬಲ್ ಪಿನ್‌ಗಳನ್ನು ನ್ಯಾನೊಗೆ ಕೊಡಿ. ಎ4988ನಲ್ಲಿ ರೀಸೆಟ್ ಮತ್ತು ಸ್ಲೀಪ್ ಪಿನ್‌ಗಳನ್ನು ಒಂದಕ್ಕೊಂದು ಸೇರಿಸಿ. ಮೈಕ್ರೋಸ್ಟೆಪ್‌ನ ಮೂರು ಪಿನ್‌ಗಳಿಗೂ 5 ವೋಲ್ಟ್ ಕೊಟ್ಟರೆ ಒಂದು ಹೆಜ್ಜೆ 16 ಪಾಲಾಗುತ್ತದೆ. ಮೋಟಾರ್‌ಗೆ ವಿದ್ಯುತ್ ಕೊಡುವ ಪಿನ್‌ಗಳ ಹತ್ತಿರವೇ 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇರಬೇಕು. ಇದನ್ನು ಬಿಟ್ಟರೆ ವೋಲ್ಟೇಜ್ ಜಿಗಿದು ಡ್ರೈವರ್ ಸುಡಬಹುದು. ವಿದ್ಯುತ್ ಹರಿಯುತ್ತಿರುವಾಗ ಮೋಟಾರ್ ತಂತಿ ಕೀಳುವುದೂ ಅಷ್ಟೇ ಅಪಾಯ.

ಬಳಿಕ ಕರೆಂಟ್ ಮಿತಿ. ಎ4988 ಬೋರ್ಡ್‌ನ ಸಣ್ಣ ರೆಸಿಸ್ಟರ್ ಮೇಲೆ ಆರ್100 ಎಂದಿದ್ದರೆ ಲೆಕ್ಕ ಸುಲಭ: ಬೇಕಾದ ಆಂಪಿಯರ್ ಅನ್ನು 0.8ರಿಂದ ಗುಣಿಸಿ. ಒಂದು ಆಂಪಿಯರ್‌ಗೆ 0.8 ವೋಲ್ಟ್. ಮಲ್ಟಿಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ಗೆ, ಕೆಂಪು ಕಡ್ಡಿ ಬೋರ್ಡ್‌ನ ಪುಟ್ಟ ತಿರುಪಿಗೆ ಇಟ್ಟು ತಿರುಗಿಸುತ್ತಾ ಹೊಂದಿಸಿ. ಟಿಎಂಸಿ2208ಗೆ ಈ ಸೂತ್ರ ಬೇರೆ, ಮೈಕ್ರೋಸ್ಟೆಪ್ ಪಿನ್‌ಗಳೂ ಬೇರೆ. ಅದರ ಮಾಹಿತಿ ಹಾಳೆ ನೋಡಿ.

ಹೊರಗೆ ಬಳಸಲು ಮೂರು 18650 ಲಿಥಿಯಂ ಸೆಲ್‌ಗಳ ಸರಣಿ, ರಕ್ಷಣಾ ಬೋರ್ಡ್ ಸಮೇತ. ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್ ಬರುತ್ತದೆ. ಮೋಟಾರ್‌ಗೆ ನೇರ ಕೊಡಿ, ನ್ಯಾನೊಗೆ ಬಕ್ ಕನ್ವರ್ಟರ್‌ನಿಂದ 5 ವೋಲ್ಟ್‌ಗೆ ಇಳಿಸಿ ಕೊಡಿ. ಹಳಿಯ ಎರಡೂ ತುದಿಗೆ ಒಂದೊಂದು ಲಿಮಿಟ್ ಸ್ವಿಚ್ ಹಾಕಿ, ನಾರ್ಮಲಿ ಕ್ಲೋಸ್ಡ್ ಆಗಿ ಜೋಡಿಸಿ. ಆಗ ತಂತಿ ಕಿತ್ತು ಹೋದರೂ ಗಾಡಿ ನಿಲ್ಲುತ್ತದೆ.

ವೇಗದ ಲೆಕ್ಕ

20 ಹಲ್ಲಿನ ಪುಲ್ಲಿ, ಹಲ್ಲಿಗೆ 2 ಮಿ.ಮೀ. ಎಂದರೆ ಒಂದು ಸುತ್ತಿಗೆ 40 ಮಿ.ಮೀ. 200 ಹೆಜ್ಜೆ, 16 ಪಾಲು, ಒಟ್ಟು 3,200. ಭಾಗಿಸಿದರೆ ಒಂದು ಮಿ.ಮೀ.ಗೆ 80 ಹೆಜ್ಜೆ. ಈ 80 ಅನ್ನು ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬುನಾದಿ.

ಪ್ರೋಗ್ರಾಂಗೆ ಆಕ್ಸೆಲ್‌ಸ್ಟೆಪ್ಪರ್ ಲೈಬ್ರರಿ ಬಳಸಿ. ಇದು ವೇಗವನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುತ್ತದೆ. ಸೆಕೆಂಡಿಗೆ 20 ಮಿ.ಮೀ. ವೇಗ ಬೇಕಿದ್ದರೆ ಗರಿಷ್ಠ ವೇಗ 1,600 ಹೆಜ್ಜೆ, ಏರಿಕೆ 800 ಎಂದು ಕೊಡಿ. ಗಾಡಿ ಎರಡು ಸೆಕೆಂಡಿನಲ್ಲಿ ಪೂರ್ತಿ ವೇಗಕ್ಕೆ ಬರುತ್ತದೆ, ಅಷ್ಟರಲ್ಲಿ 20 ಮಿ.ಮೀ. ಸಾಗಿರುತ್ತದೆ. ಈ ಏರಿಳಿತ ಇಲ್ಲದಿದ್ದರೆ ಹೊರಡುವಾಗ, ನಿಲ್ಲುವಾಗ ಕ್ಯಾಮೆರಾ ಜರ್ಕ್ ಹೊಡೆಯುತ್ತದೆ. ಇಷ್ಟು ಕಷ್ಟಪಟ್ಟು ಹಳಿ ಸರಿಮಾಡಿದ್ದೆಲ್ಲ ಸುಮ್ನೆ ವ್ಯರ್ಥ. ನ್ಯಾನೊದಲ್ಲಿ ಈ ಲೈಬ್ರರಿ ಸೆಕೆಂಡಿಗೆ ಸುಮಾರು 4,000 ಹೆಜ್ಜೆಯವರೆಗೆ ಮಾತ್ರ ಓಡುತ್ತದೆ, ಅಂದರೆ 50 ಮಿ.ಮೀ. ವಿಡಿಯೊಗೆ ಅದಕ್ಕಿಂತ ವೇಗ ಬೇಕಾಗುವುದು ಕಡಿಮೆ.

ಟೈಮ್‌ಲ್ಯಾಪ್ಸ್

ಪಶ್ಚಿಮ ಘಟ್ಟದ ಮೋಡಗಳಿಗೆ ಸ್ಲೈಡರ್‌ನಷ್ಟು ಒಪ್ಪುವ ಸಾಧನ ಇನ್ನೊಂದಿಲ್ಲ. ಇಲ್ಲಿ ಗಾಡಿ ಸರಿದು, ನಿಂತು, ಫೋಟೊ ತೆಗೆದು ಮತ್ತೆ ಸರಿಯಬೇಕು. ಸೆಕೆಂಡಿಗೆ 25 ಫ್ರೇಮ್‌ನ ಲೆಕ್ಕದಲ್ಲಿ 10 ಸೆಕೆಂಡಿನ ವಿಡಿಯೊಗೆ 250 ಫೋಟೊ ಬೇಕು. 80 ಸೆಂ.ಮೀ. ಓಟವನ್ನು ಭಾಗಿಸಿದರೆ ಪ್ರತಿ ಸಲ 3.2 ಮಿ.ಮೀ., ಅಂದರೆ 256 ಹೆಜ್ಜೆ. 10 ಸೆಕೆಂಡಿಗೊಂದು ಫೋಟೊ ಆದರೆ ಒಟ್ಟು 42 ನಿಮಿಷ ಹಿಡಿಯುತ್ತದೆ. ಸರಿದ ಮೇಲೆ ಒಂದು ಸೆಕೆಂಡ್ ಬಿಟ್ಟು ಶಟರ್ ಒತ್ತುವಂತೆ ಬರೆಯಿರಿ, ನಡುಕ ಅಡಗಲಿ.

ಶಟರ್‌ಗೆ ಕ್ಯಾಮೆರಾದ ರಿಮೋಟ್ ಜ್ಯಾಕ್ ಬಳಸಿ. ನ್ಯಾನೊವನ್ನು ನೇರ ಜೋಡಿಸದೆ ನಡುವೆ ಪಿಸಿ817 ಆಪ್ಟೋಕಪ್ಲರ್ ಹಾಕಿ. ಎರಡರ ವಿದ್ಯುತ್ ಬೇರೆ ಬೇರೆ ಇದ್ದರೆ ಕ್ಯಾಮೆರಾ ಕ್ಷೇಮ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್‌ಗೆ ಹಾಕಿ. ಮೋಟಾರ್ ಅನ್ನು ನಡುನಡುವೆ ಆಫ್ ಮಾಡಿ ಬ್ಯಾಟರಿ ಉಳಿಸಲು ಹೋಗಬೇಡಿ. ಆಫ್ ಆದಾಗ ಕಂಬಿ ಹತ್ತಿರದ ಪೂರ್ಣ ಹೆಜ್ಜೆಗೆ ಜಾರುತ್ತದೆ, ಚಿತ್ರ ಕುಪ್ಪಳಿಸುತ್ತದೆ.

ಹೊರಗೆ ನಿಲ್ಲಿಸುವಾಗ

ನಡುವೆ ಒಂದೇ ಟ್ರೈಪಾಡ್ ಇಟ್ಟರೆ ಗಾಡಿ ತುದಿಗೆ ಬಂದಾಗ ಇಡೀ ಹಳಿ ವಾಲುತ್ತದೆ, ಕ್ಷಿತಿಜ ಓರೆಯಾಗುತ್ತದೆ. ಎರಡು ತುದಿಗೂ ಕಾಲು ಕೊಡಿ, ಇಲ್ಲವೇ ಎರಡು ಟ್ರೈಪಾಡ್ ಬಳಸಿ. ಇಳಿಜಾರಿನಲ್ಲಿ ಇಟ್ಟಾಗ ಬ್ಯಾಟರಿ ಮುಗಿದರೆ ಕ್ಯಾಮೆರಾ ಸಮೇತ ಗಾಡಿ ಕೆಳಗೆ ನುಗ್ಗುತ್ತದೆ. ಕೆಳತುದಿಯಲ್ಲಿ ದಪ್ಪ ರಬ್ಬರ್ ತಡೆ ಕಡ್ಡಾಯ.

ಲೆನ್ಸ್ ಮುಂದೆ ಅರ್ಧ ಮೀಟರ್ ಒಳಗೆ ಏನಾದರೂ ಇರಲಿ: ಒಂದು ಎಲೆ, ಬೇಲಿ ಕಂಬ, ದೀಪ. ಬರೀ ದೂರದ ಬೆಟ್ಟ ಇದ್ದರೆ 80 ಸೆಂ.ಮೀ. ಸರಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಹಳಿಯ ಗಾಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಅಂಟಿಕೊಂಡು ಗಾಲಿ ಸವೆಯುತ್ತದೆ.